ಜಿಗ್‌ನ ಮೂಲ ಹುಡುಕುವವರಿಗೆ ಡಬ್ಲಿನ್‌ನ ಈ ಆರ್ಕೈವ್

ಐರಿಶ್ ಜಿಗ್‌ಗಳ, ಅಂದರೆ ಅಲ್ಲಿನ ಕುಣಿತದ ಟ್ಯೂನ್‌ಗಳ, ಹೆಸರನ್ನು ಸುಮ್ನೆ ನಂಬಬೇಡಿ. ಒಂದೇ ಟ್ಯೂನಿಗೆ ನಾಲ್ಕಾರು ಹೆಸರು, ಒಂದೇ ಹೆಸರಿಗೆ ಬೇರೆ ಬೇರೆ ಟ್ಯೂನ್. ನಾನು ಟಿನ್ ವಿಸಿಲ್ ಅನ್ನುವ ಪುಟ್ಟ ಲೋಹದ ಕೊಳಲಿನಲ್ಲಿ ನುಡಿಸುವ ಒಂದು ಜಿಗ್‌ನ ಮೂಲ ಹುಡುಕಿಕೊಂಡು ಮೆರಿಯನ್ ಸ್ಕ್ವೇರ್‌ನ ಐರಿಶ್ ಟ್ರೆಡಿಷನಲ್ ಮ್ಯೂಸಿಕ್ ಆರ್ಕೈವ್‌ಗೆ ಹೋದೆ. 1987ರಲ್ಲಿ ಶುರುವಾದ ಸಂಸ್ಥೆ. ಪ್ರವೇಶ ಉಚಿತ.

ಪುಸ್ತಕ, ಹಳೆಯ ರೆಕಾರ್ಡ್, ಟೇಪು ಎಲ್ಲ ಒಂದೇ ಕಡೆ ಸಿಗುವುದೇ ಇಲ್ಲಿನ ದೊಡ್ಡ ಅನುಕೂಲ. ಶಿಕಾಗೋದ ಪೊಲೀಸ್ ಮುಖ್ಯಸ್ಥ ಫ್ರಾನ್ಸಿಸ್ ಓನೀಲ್ 1903ರಲ್ಲಿ 1850 ಟ್ಯೂನ್‌ಗಳನ್ನು ಅಚ್ಚು ಹಾಕಿಸಿದರು. ಎಷ್ಟೋ ಟ್ಯೂನಿನ ಜೊತೆ ಅದನ್ನು ಕೊಟ್ಟವರ ಹೆಸರೂ ಇದೆ. ನನ್ನಂಥವರಿಗೆ ಅದೇ ಚಿನ್ನ. ಪೊಲೀಸರು ಕಳ್ಳರ ಜೊತೆ ಟ್ಯೂನನ್ನೂ ಹಿಡಿದದ್ದು ಒಳ್ಳೆಯದೇ ಆಯಿತು, ಅಲ್ವಾ? ಆಮೇಲೆ ಐರ್ಲೆಂಡಿನ ಸ್ಲೈಗೋದ ಪಿಟೀಲುಗಾರ ಮೈಕೆಲ್ ಕೋಲ್ಮನ್ 1920ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಮಾಡಿದ ರೆಕಾರ್ಡ್‌ಗಳು ಬಂದವು. ಲೇಬಲ್ ಮೇಲಿನ ಹೆಸರೇ ಎಷ್ಟೋ ಟ್ಯೂನಿಗೆ ಗಟ್ಟಿಯಾಗಿ ಅಂಟಿಕೊಂಡಿತು.

ಹೆಸರು ಮಾತ್ರ ಹಿಡಿದು ಹೋದರೆ ಜಾಸ್ತಿ ಸುತ್ತಬೇಕಾಗುತ್ತದೆ. ಮೊದಲ ಎರಡು ಬಾರ್‌ನ (ತಾಳದ ಒಂದೊಂದು ಸುತ್ತಿನ) ಸ್ವರ ಬರೆದುಕೊಂಡು ಹೋಗಿ. ನನ್ನ ಜಿಗ್‌ನ ಮೊದಲ ಭಾಗ ಓನೀಲ್ ಪುಸ್ತಕದಲ್ಲಿ ಬೇರೆಯದೇ ಹೆಸರಲ್ಲಿ ಸಿಕ್ಕಿತು. ಎರಡನೇ ಭಾಗದ ಹುಡುಕಾಟ ಇನ್ನೂ ನಡೆದಿದೆ.