ಪೆಟ್ಟಿಗೆಯಲ್ಲಿ ಬರುವ ಗೆಜೆಲ್ಲಾ ಸಗಣಿ ಹುಳ: ದುಡ್ಡು ಕೊಡುವ ಮೊದಲು ಸಗಣಿ ಕೆದಕಿ

ಆಸ್ಟ್ರೇಲಿಯಾದಲ್ಲಿ ದನ ಸಾಕುವವರು ಸಗಣಿ ಹುಳವನ್ನೂ ದುಡ್ಡು ಕೊಟ್ಟು ತರಿಸುತ್ತಾರೆ. ಗಾಳಿಯಾಡುವ ಪೆಟ್ಟಿಗೆ, ಒಳಗೆ ಒದ್ದೆ ಪುಡಿ, ಅದರಲ್ಲಿ ನೂರಾರು ಜೀವಂತ ಹುಳ. ಸಗಣಿ ಬಿದ್ದ ಹೊತ್ತಿಗೇ ಹುಳ ಹಾಜರಾಗುವ ನಮ್ಮ ಗೋಮಾಳ ನೋಡಿದವರಿಗೆ ಇದು ತಮಾಷೆ ಅನ್ನಿಸೀತು. ಆದರೆ ಅಲ್ಲಿಗೆ 1788ರಲ್ಲಿ ಹಡಗಿನಲ್ಲಿ ದನ ಬಂತು, ಹುಳ ಬರಲಿಲ್ಲ. ಅಲ್ಲಿಯ ಹುಳಗಳಿಗೆ ರೂಢಿಯಿದ್ದದ್ದು ಕಾಂಗರೂವಿನ ಒಣ ಹಿಕ್ಕೆ. ದನದ ಸಗಣಿ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತಿತ್ತು, ಅದರಲ್ಲಿ ನೊಣ ಹುಟ್ಟುತ್ತಿತ್ತು. ಸಿಎಸ್‌ಐಆರ್‌ಒ ಎಂಬ ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಸ್ಥೆಯ ಜಾರ್ಜ್ ಬೋರ್ನೆಮಿಸ್ಸಾ ಆಫ್ರಿಕಾ ಮೂಲದ ಗೆಜೆಲ್ಲಾ ಎಂಬ ಸಗಣಿ ಹುಳವನ್ನು ಹವಾಯಿಯಿಂದ ತರಿಸಿದರು. 1968ರಲ್ಲಿ ಅದನ್ನು ಕ್ವೀನ್ಸ್‌ಲ್ಯಾಂಡಿನಲ್ಲಿ ಬಿಡಲಾಯಿತು.

ಹುಳಕ್ಕೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಪೆಟ್ಟಿಗೆಗೆ ಎಷ್ಟು ಕೊಡಬೇಕೆಂಬುದು ಅದು ಯಾವ ಜಮೀನಿಗೆ ಹೋಗುತ್ತದೆ ಎಂಬುದರ ಮೇಲಿದೆ. ಉತ್ತರದ ಬಿಸಿ ಸೀಮೆಯಲ್ಲಿ ಗೆಜೆಲ್ಲಾ ಈಗಾಗಲೇ ಹರಡಿಕೊಂಡಿದೆ. ಅಲ್ಲಿ ಕೊಂಡರೆ ಹೊಳೆಗೆ ನೀರು ಹೊತ್ತಂತೆ. ನಿಮ್ಮ ಜಮೀನಿನಲ್ಲಿ ಅದು ಇದೆಯೋ ಇಲ್ಲವೋ ನೋಡಲು, ಮಳೆ ಬಿದ್ದ ಬೇಸಿಗೆಯಲ್ಲಿ, ಬಿದ್ದು ಒಂದು ದಿನವಾದ ಸಗಣಿಯನ್ನು ಬಕೆಟ್ ನೀರಿಗೆ ಹಾಕಿ ಕಲಕಿ. ಒಳಗಿರುವ ಹುಳ ಸ್ವಲ್ಪ ಹೊತ್ತಿಗೆ ಮೇಲೆ ತೇಲುತ್ತದೆ. ಗೆಜೆಲ್ಲಾ ಸುಮಾರು ಒಂದು ಸೆಂಟಿಮೀಟರ್ ಉದ್ದ, ಮಾಸಲು ಕಂದು ಬಣ್ಣ. ಗಂಡಿನ ತಲೆಯ ಮೇಲೆ ಎರಡು ಪುಟ್ಟ ಕೊಂಬು. ಪೆಟ್ಟಿಗೆ ಬಿಚ್ಚಿ ಕೊಂಬು ಎಣಿಸಿ "ಗಂಡು ಕಡಿಮೆ" ಎಂದು ಮಾರುವವರ ಜೊತೆ ಜಗಳಕ್ಕೆ ಇಳಿಯಬೇಡಿ. ಸಣ್ಣ ಗಂಡುಗಳಿಗೆ ಕೊಂಬು ಇದ್ದೂ ಇಲ್ಲದಂತೆ ಇರುತ್ತದೆ.

ಚಳಿಗಾಲದಲ್ಲಿ ಮಳೆಯಾಗುವ ದಕ್ಷಿಣದವರಿಗೆ ಇದು ತಪ್ಪು ಸರಕು. ಚಳಿಯಲ್ಲಿ ಗೆಜೆಲ್ಲಾ ಕೆಲಸಕ್ಕಿಲ್ಲ. ಅಲ್ಲಿಗೆ ಯುರೋಪಿನಿಂದ ತಂದ ಬುಬಾಸ್ ಬೈಸನ್ ಎಂಬ ಸಗಣಿ ಹುಳ ಸರಿ. ಆದರೆ ಅದಕ್ಕೆ ವರ್ಷಕ್ಕೆ ಒಂದೇ ಪೀಳಿಗೆ, ಹಾಗಾಗಿ ಹುಲುಸಾಗಿ ಕಾಣಲು ಕೆಲವು ವರ್ಷ ಕಾಯಬೇಕು. ಮಣ್ಣು ಎಂಥದು, ಮಳೆ ಯಾವ ತಿಂಗಳು ಎಂದು ಕೇಳದೆ ಆರ್ಡರ್ ಬರೆದುಕೊಳ್ಳುವವರಿಂದ ಕೊಳ್ಳದಿರುವುದೇ ಲೇಸು.

ಪೆಟ್ಟಿಗೆ ಬಂದ ದಿನವೇ ಸಂಜೆ ತಂಪಾದ ಮೇಲೆ ಬಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟರೆ ಹುಳ ಬೆಂದುಹೋಗುತ್ತದೆ. ಬಯಲಿನಲ್ಲಿ, ತೇವವಿರುವ ಮೆತ್ತನೆ ಮಣ್ಣಿನ ಮೇಲೆ ಹಸಿ ಸಗಣಿಯ ಕೆಲವು ಗುಪ್ಪೆಗಳನ್ನು ಹತ್ತಿರ ಹತ್ತಿರ ಇಟ್ಟು, ಅಷ್ಟೂ ಹುಳವನ್ನು ಅಲ್ಲೇ ಸುರಿಯಿರಿ. ಎಲ್ಲ ಹೊಲಕ್ಕೂ ಸಿಗಲಿ ಎಂದು ಹಿಡಿ ಹಿಡಿ ಹಂಚಿದರೆ ಗಂಡು ಹೆಣ್ಣು ಒಂದಕ್ಕೊಂದು ಸಿಗದೆ ಸಂತತಿಯೇ ನಿಂತುಹೋಗುತ್ತದೆ. ಗುಪ್ಪೆಯ ಪಕ್ಕದಲ್ಲಿ ಹೊಸ ಮಣ್ಣಿನ ಪುಟ್ಟ ಗುಡ್ಡೆ ಎದ್ದಿದ್ದರೆ ಹುಳ ಬಿಲ ತೋಡಿ ಸಗಣಿಯನ್ನು ಒಳಗೆ ಸಾಗಿಸುತ್ತಿದೆ ಎಂದರ್ಥ. ಮೊಟ್ಟೆಯಿಡುವುದು ಅಲ್ಲೇ, ಒಂದೊಂದು ಸಗಣಿ ಉಂಡೆಗೆ ಒಂದೊಂದು. ಕ್ವೀನ್ಸ್‌ಲ್ಯಾಂಡಿನ ಕಡೆ ರಾತ್ರಿ ಕೇನ್ ಕಪ್ಪೆಗಳು ಗುಪ್ಪೆಯ ಬಳಿ ಕಾದು ಕೂತು ಹುಳ ನುಂಗುತ್ತವೆ. ಅಂಥ ಕಡೆ ಮೊದಲ ರಾತ್ರಿ ಸಣ್ಣ ಕಣ್ಣಿನ ಬಲೆ ಮುಚ್ಚಿ.

"ಹುಳ ನಿಲ್ಲಲಿಲ್ಲ" ಎಂಬ ದೂರಿನ ಹಿಂದೆ ಹೆಚ್ಚಾಗಿ ಔಷಧಿ ಇರುತ್ತದೆ. ಜಂತುಹುಳಕ್ಕೆ ಕೊಡುವ ಐವರ್ಮೆಕ್ಟಿನ್, ಅಬಾಮೆಕ್ಟಿನ್ ಸಗಣಿಯಲ್ಲಿ ಹೊರಬಂದು ಮರಿಗಳನ್ನು ಕೊಲ್ಲುತ್ತವೆ. ನೊಣಕ್ಕೆ ಮೈಮೇಲೆ ಸುರಿಯುವ ಡೆಲ್ಟಾಮೆಥ್ರಿನ್ ಕೂಡ ಅಷ್ಟೇ. ಮಾಕ್ಸಿಡೆಕ್ಟಿನ್‌ನ ಹಾನಿ ಕಡಿಮೆ. ಬೆಳೆದ ಹುಳಗಳು ಓಡಾಡುವುದು ಕಾಣುವುದರಿಂದ ಎಲ್ಲ ಸರಿಯಿದೆ ಎನ್ನಿಸುತ್ತದೆ; ಮುಂದಿನ ಪೀಳಿಗೆ ಏಳದಿದ್ದಾಗಲೇ ಸುಳಿವು ಸಿಗುವುದು. ಪೆಟ್ಟಿಗೆ ತರಿಸುವ ವಾರಗಳಲ್ಲಿ ಔಷಧಿ ಹಾಕದ ದನಗಳನ್ನು ಬೇರೆ ಮೇಯಿಸಿ, ಅವುಗಳ ಸಗಣಿಯನ್ನೇ ಬಳಸಿ.