ಕುಸ್ಕೋದಿಂದ ಇಂಕಾ ಕಣಿವೆಗೆ: ಟೂರ್ ಬಸ್ಸಾ, ಟ್ಯಾಕ್ಸಿನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟ್ಯಾಕ್ಸಿಗೆ. ಪೆರುವಿನ ಕುಸ್ಕೋದಿಂದ ಉರುಬಾಂಬಾ ನದಿಯ ಕಣಿವೆಗೆ (ಅಲ್ಲಿ ಅದನ್ನು ಪವಿತ್ರ ಕಣಿವೆ ಅಂತಾರೆ) ನಾನು, ಅಕ್ಕ ಎರಡು ಸಲ ಹೋದೆವು. ಮೊದಲ ಸಲ ಟೂರ್ ಬಸ್ಸಿನಲ್ಲಿ ಹೋಗಿದ್ದಕ್ಕೇ ಎರಡನೇ ಸಲ ಹೋಗಬೇಕಾಯಿತು.

ಬಸ್ಸು ಅಗ್ಗ. ನಮಗೆ ತಲೆಗೆ 80 ಸೋಲ್ (ಪೆರುವಿನ ದುಡ್ಡು) ಬಿತ್ತು, ಮಧ್ಯಾಹ್ನದ ಊಟ ಸೇರಿ, ಪ್ರವೇಶದ ಟಿಕೆಟ್ ಬೇರೆ. ಚಿಂಚೇರೋ, ಮೊರಾಯ್, ಮರಾಸ್, ಓಯಾಂತಾಯ್ತಾಂಬೋ, ಪಿಸಾಕ್, ಒಂದೇ ದಿನಕ್ಕೆ ಐದು ಜಾಗ. ಬುಕ್ ಮಾಡುವಾಗ ಭಾರೀ ಲಾಭ ಅನ್ನಿಸಿತ್ತು.

ಬೆಳಿಗ್ಗೆ ಆರೂವರೆಗೆ ಹತ್ತಿದೆವು. ಚಿಂಚೇರೋದಲ್ಲಿ ಇಂಕಾ ಜನರ (ಸ್ಪೇನಿನವರು ಬರುವ ಮೊದಲು ಇಲ್ಲಿ ಆಳಿದವರು) ಗೋಡೆ ನೋಡೋಣ ಅಂತ ಇಳಿದರೆ, ಎದುರಿಗಿದ್ದದ್ದು ಒಂದು ನೇಯ್ಗೆಯ ಅಂಗಳ. ಸುಳ್ಳು ಹೇಳಬಾರದು, ಮೊದಲ ಹತ್ತು ನಿಮಿಷ ಚೆನ್ನಾಗಿತ್ತು. ಕಳ್ಳಿಗಿಡದಿಂದ ಆರಿಸಿದ ಹುಳುವನ್ನು ಅಂಗೈಯಲ್ಲಿ ಉಜ್ಜಿದರೆ ಕಡುಗೆಂಪು ಬಣ್ಣ, ಅದಕ್ಕೆ ನಿಂಬೆರಸ ಹಿಂಡಿದ ಕೂಡಲೇ ಕಿತ್ತಳೆ. ಬಾಯಿ ಬಿಟ್ಟುಕೊಂಡು ನೋಡಿದೆವು. ಆಮೇಲೆ ಸುಮಾರು ಮುಕ್ಕಾಲು ಗಂಟೆ ಸುಮ್ನೆ ಅಂಗಡಿ. ಬಸ್ಸು ಹೊರಡಲ್ಲ, ಗೈಡ್ ಕಾಣಿಸಲ್ಲ. ಅಕ್ಕ ನಕ್ಕಳು, "ಮೈಸೂರಲ್ಲಿ ಅರಮನೆ ತೋರಿಸ್ತೀನಿ ಅಂತ ಹತ್ತಿಸಿಕೊಂಡು ರೇಷ್ಮೆ ಸೀರೆ ಅಂಗಡಿ ಮುಂದೆ ಇಳಿಸ್ತಾರಲ್ಲ, ಅದೇ ಕಥೆ ಕಣೇ ಇದು." ಹಾಗಂದವಳೇ ಒಂದು ಶಾಲು ಕೊಂಡಳು, ಇರಲಿ.

ಅಲ್ಲಿ ಹೋದ ಸಮಯ ಮತ್ತೆ ಸಿಗಲೇ ಇಲ್ಲ. ಗೈಡ್ ಎಲ್ಲವನ್ನೂ ಮೊದಲು ಸ್ಪ್ಯಾನಿಷ್‌ನಲ್ಲಿ ಹೇಳಿ, ಆಮೇಲೆ ಇಂಗ್ಲಿಷ್‌ನಲ್ಲಿ ಅದರ ಅರ್ಧ ಹೇಳುತ್ತಿದ್ದರು. ಓಯಾಂತಾಯ್ತಾಂಬೋಗೆ ಸಿಕ್ಕಿದ್ದು ನಲವತ್ತು ನಿಮಿಷ. ಅಕ್ಕನ ಮಂಡಿಗೆ ಮೆಟ್ಟಿಲು ಹತ್ತುವುದಕ್ಕೇ ಇಪ್ಪತ್ತೈದು ಬೇಕು. ಅರ್ಧ ಹತ್ತಿ ಇಳಿದೆವು. ಪಿಸಾಕ್ ಮುಟ್ಟುವಾಗ ಬಿಸಿಲು ಇಳಿದಿತ್ತು, ಬೆಟ್ಟದ ಮೇಲಿನ ಹಳೇ ಕೋಟೆಯಿಂದ ಒಂದು ನೋಟ, ನಾಲ್ಕು ಫೋಟೋ, ಹೊರಡಿ ಹೊರಡಿ. ಆದರೆ ಕೆಳಗೆ ಊರಿನ ಬೆಳ್ಳಿ ಅಂಗಡಿಯಲ್ಲಿ ಅರ್ಧ ಗಂಟೆ ಆರಾಮಾಗಿ ಸಿಕ್ಕಿತು!

ಮರಾಸ್ ಉಪ್ಪಿನ ಮಡಿಗಳು ಮಾತ್ರ ಬಸ್ಸಿನವರಿಗೂ ಒಂದೇ, ಟ್ಯಾಕ್ಸಿಯವರಿಗೂ ಒಂದೇ. 2019ರಿಂದ ಮಡಿಗಳ ನಡುವೆ ಓಡಾಡಲು ಬಿಡುವುದಿಲ್ಲ, ಅಂಚಿನಲ್ಲಿ ನಿಂತೇ ನೋಡಬೇಕು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನಾಗರ ನೋಡಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಅಲ್ಲಿ ಸಮುದ್ರದ ನೀರು, ಇಲ್ಲಿ ಸಮುದ್ರದಿಂದ 3000 ಮೀಟರ್‌ಗಿಂತ ಮೇಲೆ ಬೆಟ್ಟದೊಳಗಿಂದ ಬರುವ ಉಪ್ಪು ನೀರಿನ ಒರತೆ. ಮಡಿಗಳೆಲ್ಲ ಅಲ್ಲಿನ ಮನೆತನಗಳವು.

ಈಗ ಟಿಕೆಟ್ ಗೋಳು. ಚಿಂಚೇರೋ, ಮೊರಾಯ್, ಓಯಾಂತಾಯ್ತಾಂಬೋ, ಪಿಸಾಕ್ ನಾಲ್ಕಕ್ಕೂ ಸೇರಿ ಒಂದೇ ಟಿಕೆಟ್, 70 ಸೋಲ್, ಎರಡು ದಿನ ನಡೆಯುತ್ತದೆ. ಮರಾಸ್‌ಗೆ ಬೇರೆ ಕೊಡಬೇಕು. ಎರಡು ದಿನ ಇದೆಯಲ್ಲ, ನಾಳೆ ಇದರಲ್ಲೇ ಮತ್ತೆ ಬಂದು ಸಮಾಧಾನವಾಗಿ ನೋಡೋಣ ಅಂದುಕೊಂಡಿದ್ದೆವು. ಆಗಲ್ಲ. ಟಿಕೆಟ್ ಮೇಲೆ ಒಂದೊಂದು ಜಾಗಕ್ಕೆ ಒಂದೊಂದು ಗುರುತು, ಒಳಗೆ ಹೋಗುವಾಗ ಅದಕ್ಕೆ ತೂತು ಹಾಕುತ್ತಾರೆ. ತೂತು ಬಿದ್ದ ಮೇಲೆ ಆ ಜಾಗದ ಮಟ್ಟಿಗೆ ಅದು ರದ್ದಿ. ಎರಡು ದಿನ ಅಂದರೆ ನಾಲ್ಕು ಜಾಗವನ್ನು ಎರಡು ದಿನಕ್ಕೆ ಹಂಚಿಕೊಳ್ಳಬಹುದು, ಅಷ್ಟೇ. ಮತ್ತೆ 70 ಕೊಟ್ಟೆವು, ಇಬ್ಬರೂ.

ಟ್ಯಾಕ್ಸಿಯನ್ನು ಉಳಿದುಕೊಂಡಿದ್ದ ಮನೆಯವರೇ ಗೊತ್ತು ಮಾಡಿಕೊಟ್ಟರು, ಇಡೀ ದಿನಕ್ಕೆ 260 ಸೋಲ್. ಡ್ರೈವರಿಗೆ ಸ್ಪ್ಯಾನಿಷ್ ಮಾತ್ರ, ನಮಗೆ ಅದೊಂದು ಬಿಟ್ಟು ಬೇರೆಲ್ಲ, ಮೊಬೈಲೇ ದುಭಾಷಿ. ಎರಡೇ ಜಾಗ ಅಂತ ಮೊದಲೇ ಹೇಳಿದ್ದೆವು. ಬೆಳಿಗ್ಗೆ ಪಿಸಾಕ್ ಕೋಟೆಯ ಮೇಲಿನ ಬಾಗಿಲಲ್ಲಿ ಇಳಿಸಿ, ತಾನು ಕೆಳಗೆ ಊರಿಗೆ ಹೋಗಿ ಕಾಯುತ್ತಿದ್ದ. ಇದೇ ನೋಡಿ ಬಸ್ಸಿನಲ್ಲಿ ಆಗದ್ದು. ಬೆಟ್ಟದ ಮೈಯಲ್ಲಿ ಮೆಟ್ಟಿಲು ಹೊಲಗಳ ಪಕ್ಕದಲ್ಲೇ ಇಳಿಯುತ್ತಾ ಬಂದೆವು. ಎದುರಿನ ಕಡಿದಾದ ಬಂಡೆ ತುಂಬಾ ತೂತುಗಳು, ಎಲ್ಲವೂ ಇಂಕಾ ಕಾಲದ ಸಮಾಧಿ. ಇಳಿಜಾರಾದ್ದರಿಂದ ಉಸಿರಿನ ತೊಂದರೆ ಇಲ್ಲ, ಮಂಡಿಗಂತೂ ಕೋಲು ಬೇಕು.

ಓಯಾಂತಾಯ್ತಾಂಬೋದಲ್ಲಿ ಮೂರು ಗಂಟೆ ಇದ್ದೆವು. ಬಾಗಿಲಲ್ಲೇ ಒಬ್ಬ ಗೈಡ್ ಸಿಕ್ಕರು. ಮೇಲೆ ಆರು ದೊಡ್ಡ ಗುಲಾಬಿ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಅವು ಬಂದದ್ದು ನದಿಯ ಆಚೆ ದಡದ ಬೆಟ್ಟದಲ್ಲಿರುವ ಕಾಚಿಕಾತಾ ಗಣಿಯಿಂದ. ಕಟ್ಟುವ ಕೆಲಸ ಮುಗಿಯಲೇ ಇಲ್ಲ. ಎಳೆದು ತರುವಾಗ ದಾರಿಯಲ್ಲೇ ಉಳಿದುಹೋದ ಕಲ್ಲುಗಳಿಗೆ ಅಲ್ಲಿನವರು "ದಣಿದ ಕಲ್ಲು" ಅನ್ನುತ್ತಾರೆ. ಅಕ್ಕ ಮೆಟ್ಟಿಲ ಮೇಲೆ ಕೂತು, "ನಾನೂ ಅದೇ ಜಾತಿ" ಅಂದಳು. 1537ರಲ್ಲಿ ಇಂಕಾ ದೊರೆ ಮ್ಯಾಂಕೋ ಇಂಕಾ ಕೆಳಗಿನ ಬಯಲಿಗೆ ನೀರು ಹಾಯಿಸಿ, ದಾಳಿಗೆ ಬಂದ ಸ್ಪೇನಿನವರ ಕುದುರೆಗಳನ್ನು ಕಂಗೆಡಿಸಿದ್ದು ಇಲ್ಲೇ. ಮೇಲೆ ನಿಂತು ಆ ಬಯಲನ್ನು ನೋಡಿದರೇ ಅದು ತಲೆಗೆ ಹತ್ತುವುದು. ನಲವತ್ತು ನಿಮಿಷದಲ್ಲಿ ಇದೆಲ್ಲ ಎಲ್ಲಿ?

ಕೊಲೆಕ್ತಿವೋ ಅಂತ ಮೂರನೆಯದೂ ಇದೆ, ನಮ್ಮ ಕಡೆಯ ಮ್ಯಾಕ್ಸಿಕ್ಯಾಬ್ ಥರ, ಸೀಟು ತುಂಬಿದ ಮೇಲೆ ಹೊರಡುತ್ತದೆ. ಸಿಕ್ಕಾಪಟ್ಟೆ ಅಗ್ಗ. ಭಾನುವಾರ ಪಿಸಾಕ್ ಸಂತೆಗೆ ನಾನೊಬ್ಬಳೇ ಅದರಲ್ಲಿ ಹೋಗಿದ್ದೆ. ಆದರೆ ಅದು ಬಿಡುವುದು ಕೆಳಗಿನ ಊರಲ್ಲಿ. ಮೇಲಿನ ಕೋಟೆಗೆ ಹತ್ತಬೇಕು, ಇಲ್ಲಾ ಮತ್ತೆ ಟ್ಯಾಕ್ಸಿ ಹಿಡಿಯಬೇಕು.

ಎತ್ತರದ ಬಗ್ಗೆ ಒಂದೇ ಮಾತು: ಕುಸ್ಕೋ ಸುಮಾರು 3400 ಮೀಟರ್, ಓಯಾಂತಾಯ್ತಾಂಬೋ 2800ರ ಹತ್ತಿರ. ಬಸ್ಸು ಮೊದಲು ಕರೆದೊಯ್ಯುವ ಚಿಂಚೇರೋ ಕುಸ್ಕೋಗಿಂತಲೂ ಮೇಲೆ. ಬಂದ ಮಾರನೇ ದಿನವೇ ಹೋದರೆ ತಲೆ ಸುತ್ತುತ್ತದೆ.

ನೀವು ಓಯಾಂತಾಯ್ತಾಂಬೋದಲ್ಲೇ ಇಳಿದು ಸಂಜೆ ಮಾಚು ಪಿಚು ರೈಲು ಹಿಡಿಯುವವರಾದರೆ ಬಸ್ಸು ಪರವಾಗಿಲ್ಲ. ಒಬ್ಬರೇ ಇದ್ದರೆ 260 ಜಾಸ್ತಿಯೇ, ಕೊಲೆಕ್ತಿವೋ ನೋಡಿ. ಆದರೆ ನಮ್ಮ ಹಾಗೆ ಇಬ್ಬರು, ನಿಧಾನದವರು, ಶಾಪಿಂಗ್ ಹುಚ್ಚಿಲ್ಲದವರು (ಒಬ್ಬಳಿಗಾದರೂ) ಅಂದರೆ ಲೆಕ್ಕ ಸುಲಭ. ಟ್ಯಾಕ್ಸಿ ತಲೆಗೆ 130. ಬಸ್ಸು 80, ಅದರ ದೆಸೆಯಿಂದ ಎರಡನೇ ಟಿಕೆಟ್ 70, ಒಟ್ಟು 150. ಅಕ್ಕನ ಶಾಲು ಇದರಲ್ಲಿ ಸೇರಿಲ್ಲ, ಅದರ ಬೆಲೆ ಅವಳು ಇವತ್ತಿಗೂ ಹೇಳಿಲ್ಲ.