ಮೂರು ಸಿಲಿಂಡರ್ ಟರ್ಬೊ, ನಾಲ್ಕು ಸಿಲಿಂಡರ್ 1.2: ಎರಡನ್ನೂ ಘಾಟಿ ಹತ್ತಿಸಿ ನೋಡಿದ ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಈಗಿರೋ 2019ರ ಮಾರುತಿ ಸ್ವಿಫ್ಟ್ 1.2 ಲೀಟರ್ ಪೆಟ್ರೋಲಿಗೆ, ನಾಲ್ಕು ಸಿಲಿಂಡರಿಂದು. ಅದಕ್ಕೂ ಮುಂಚೆ ಎರಡೂವರೆ ವರ್ಷ ಬೇರೆ ಕಂಪನಿಯ ಮೂರು ಸಿಲಿಂಡರಿನ 1.0 ಲೀಟರ್ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಫ್ಯಾನ್ ಇರೋದು) ಪೆಟ್ರೋಲ್ ಇಟ್ಕೊಂಡಿದ್ದೆ, ಹೆಸರು ಬೇಡ. ಎರಡೂ ಸೆಕೆಂಡ್ ಹ್ಯಾಂಡೇ. ನಮ್ದು ತೀರ್ಥಹಳ್ಳಿ ಹತ್ರ ಅಡಿಕೆ ತೋಟ, ತಿಂಗಳಿಗೆ ಎರಡು ಸಲ ಶಿವಮೊಗ್ಗ, ಒಂದ್ಸಲ ಅಮ್ಮನ್ನ ಕರ್ಕೊಂಡು ಆಗುಂಬೆ ಘಾಟಿ ಇಳ್ದು ಮಣಿಪಾಲ, ಇಷ್ಟೇ ನನ್ನ ಓಡಾಟ.

ಟರ್ಬೊ ಕೊಡೋವಾಗ ಮಾರಿದವ್ರು ಒಂದು ಮಾತು ಹೇಳಿದ್ರು, "ಮಾಡ್ಯುಲರ್ ಇಂಜಿನ್ ಸರ್, ಯಾವ ಭಾಗ ಹೋದ್ರೂ ಅದೊಂದನ್ನೇ ಬಿಚ್ಚಿ ಹೊಸದು ಕೂರ್ಸಿದ್ರೆ ಮುಗೀತು." ನಮ್ಮಂಥ ಊರಲ್ಲಿ ಇರೋರಿಗೆ ಇದಕ್ಕಿಂತ ಇನ್ನೇನು ಬೇಕು ಅಂತ ತಗೊಂಡೆ.

ಎರಡನೇ ಮಳೆಗಾಲದಲ್ಲಿ ಕೂಲಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ದ್ರವ, ಕಮ್ಮಿ ಆಗೋಕೆ ಶುರು ಆಯ್ತು. ಹದಿನೈದು ದಿನಕ್ಕೊಮ್ಮೆ ಬಾಟ್ಲಿ ನೋಡಿದ್ರೆ ಗೆರೆ ಕೆಳಗೆ ಇಳ್ದಿರೋದು. ಕೆಳಗೆ ಸೋರಿದ ಗುರುತು ಹುಡುಕೋಣ ಅಂದ್ರೆ ಜುಲೈ ತಿಂಗಳಲ್ಲಿ ನಮ್ಮ ಕೊಟ್ಟಿಗೆ ಪಕ್ಕದ ಶೆಡ್ಡಿನ ನೆಲ ಯಾವಾಗ ಒಣಗಿರುತ್ತೆ ಹೇಳಿ, ಮತ್ತೆ ಬಿಸಿ ಇಂಜಿನ್ ಮೇಲೆ ಬಿದ್ದ ಹನಿ ಅಲ್ಲೇ ಆವಿ ಆಗಿ ಹೋಗ್ತಿತ್ತು. ಬಾನೆಟ್ ಎತ್ತಿದ್ರೆ ಒಂಥರಾ ಸಿಹಿ ವಾಸನೆ, ಅಷ್ಟೇ. ನಾನು ತುಂಬಿಸ್ಕೊಂಡು ತುಂಬಿಸ್ಕೊಂಡು ಓಡಿಸ್ದೆ, ಅದು ತಪ್ಪು. ಒಂದಿನ ಮಣಿಪಾಲದಿಂದ ವಾಪಸ್ ಬರೋವಾಗ ಸೋಮೇಶ್ವರದಿಂದ ಮೇಲೆ ಹತ್ತಿ ನಾಲ್ಕೈದು ತಿರುವು ದಾಟಿದ್ವಿ, ಇಂಜಿನ್ ಬಿಸಿಯಾಗಿದೆ ಅನ್ನೋ ಕೆಂಪು ಲೈಟು ಬಂತು. ಹಿಂದಿನ ಸೀಟಲ್ಲಿ ಅಮ್ಮ, ಹೊರಗೆ ಧೋ ಅಂತ ಮಳೆ, ಫೋನಿಗೆ ಸಿಗ್ನಲ್ ಇಲ್ಲ. ಇಂಜಿನ್ ಆಫ್ ಮಾಡಿ ಮುಕ್ಕಾಲು ಗಂಟೆ ಕಾದು ಆಮೇಲೆ ನೀರು ಹಾಕಿ ನಿಧಾನಕ್ಕೆ ಆಗುಂಬೆ ಮುಟ್ಟಿದ್ವಿ. ಅಲ್ಯೂಮಿನಿಯಂ ಹೆಡ್ಡು (ಸಿಲಿಂಡರುಗಳ ಮೇಲಿನ ಮುಚ್ಚಳ), ಆ ಬಿಸಿಗೆ ಬೆಂಡಾಗಿದ್ರೆ ಕತೆನೇ ಬೇರೆ ಆಗ್ತಿತ್ತು.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ನಮ್ಮ ಮೆಕ್ಯಾನಿಕ್ ಬಿಚ್ಚಿ ತೋರ್ಸಿದ್ರು. ಥರ್ಮೋಸ್ಟಾಟ್ (ಬಿಸಿ ನೋಡಿ ಕೂಲಂಟ್ ಹರಿಯೋಕೆ ಬಿಡೋ ವಾಲ್ವ್) ಕೂತಿರೋ ಪ್ಲಾಸ್ಟಿಕ್ ಹೌಸಿಂಗಲ್ಲಿ ಕೂದಲೆಳೆಯಷ್ಟು ಬಿರುಕು. ಸರಿ ಅದೊಂದನ್ನ ಹಾಕಿ ಅಂದೆ. ಅದೊಂದೇ ಬರಲ್ವಂತೆ. ಹೌಸಿಂಗು, ಥರ್ಮೋಸ್ಟಾಟು, ವಾಟರ್ ಪಂಪು, ಎಲ್ಲಾ ಸೇರಿ ಒಂದು ಮಾಡ್ಯೂಲ್, ತಗೊಂಡ್ರೆ ಪೂರ್ತಿ ತಗೋಬೇಕು. ಪಂಪು ಚೆನ್ನಾಗೇ ಇತ್ತು, ಥರ್ಮೋಸ್ಟಾಟೂ ಚೆನ್ನಾಗೇ ಇತ್ತು. ಪಾರ್ಟಿಗೆ ಹದಿಮೂರು ಸಾವಿರ, ಶಿವಮೊಗ್ಗದಲ್ಲಿ ಸ್ಟಾಕ್ ಇಲ್ಲ, ಬರೋಕೆ ಹತ್ತೊಂಬತ್ತು ದಿನ. ಆ ಹತ್ತೊಂಬತ್ತು ದಿನ ಅಮ್ಮನ ಚೆಕಪ್ಪಿಗೆ ಬಾಡಿಗೆ ಕಾರು.

ಆಗ ಕೂತು ಓದ್ದೆ, ಈ ಮಾಡ್ಯುಲರ್ ಅಂದ್ರೆ ಎಂತ ಅಂತ. ಅದು ರಿಪೇರಿಗೆ ಮಾಡಿದ್ದೇ ಅಲ್ಲ ಮಾರಾಯ್ರೆ, ಫ್ಯಾಕ್ಟರಿಗೆ ಮಾಡಿದ್ದು. ಒಂದು ಸಿಲಿಂಡರನ್ನ ಚೆನ್ನಾಗಿ ಡಿಸೈನ್ ಮಾಡಿ, ಪೆಟ್ರೋಲ್ ಹೆಂಗೆ ಉರೀಬೇಕು ಅನ್ನೋದನ್ನ ಅದರಲ್ಲೇ ಪಳಗಿಸಿ, ಆಮೇಲೆ ಅಂಥವೇ ಮೂರು ಸೇರಿಸಿದ್ರೆ ಸಣ್ಣ ಇಂಜಿನ್, ನಾಲ್ಕು ಸೇರಿಸಿದ್ರೆ ದೊಡ್ಡದು. ಬಿಎಂಡಬ್ಲ್ಯುದವ್ರದ್ದು ನೋಡಿ, ಮೂರಕ್ಕೆ 1.5 ಲೀಟರ್, ನಾಲ್ಕಕ್ಕೆ 2.0, ಆರಕ್ಕೆ 3.0, ಭಾಗಿಸಿದ್ರೆ ಎಲ್ಲದ್ರಲ್ಲೂ ಸಿಲಿಂಡರಿಗೆ ಸುಮಾರು 500 ಸಿಸಿ. ಒಂದು ಸಿಲಿಂಡರ್ ನಡುವಿಂದ ಇನ್ನೊಂದರ ನಡುವಿನ ದೂರ ಬದಲಾಗದೆ ಇದ್ರೆ ಅದೇ ಮಷಿನ್ನು ಅದೇ ಲೈನಲ್ಲಿ ಎರಡೂ ಬ್ಲಾಕು ಕೊರೆಯುತ್ತೆ. ಫೋರ್ಡ್ ಅಮೆರಿಕಾದಲ್ಲಿ 1991ರ ಮಾಡೆಲ್ ಲಿಂಕನ್ ಕಾರಿಗೆ ತಂದ 4.6 ಲೀಟರ್ ವಿ8 (ಎಂಟು ಸಿಲಿಂಡರ್) ಇಂಜಿನ್ನಿಗೆ ಮಾಡ್ಯುಲರ್ ಅಂತ ಹೆಸರು ಬಂದಿದ್ದೇ ಹಂಗೆ, ಫ್ಯಾಕ್ಟರಿ ಮಷಿನುಗಳನ್ನ ಬೇಕಾದಂಗೆ ಹೊಂದಿಸ್ಕೋಬಹುದು ಅನ್ನೋದ್ರಿಂದ.

ಇನ್ನು ಪಂಪು ಥರ್ಮೋಸ್ಟಾಟ್ ಒಟ್ಟಿಗೆ ಜೋಡ್ಸಿ ಒಂದೇ ಗಂಟು ಮಾಡೋದು, ಅದೂ ಲೈನಲ್ಲಿ ಬೇಗ ಕೂರ್ಸೋಕೆ ಅನುಕೂಲ ಅಂತ. ಅವ್ರಿಗೆ ನಾಲ್ಕು ಬೋಲ್ಟಿನ ಉಳಿತಾಯ, ನಮ್ಗೆ ಹದಿಮೂರು ಸಾವಿರ.

ಹಂಗೆ ನೋಡಿದ್ರೆ ನನ್ನ ಸ್ವಿಫ್ಟಿನ ಕೆ ಸೀರೀಸ್ ಇಂಜಿನ್ನೂ ಅದೇ ಲೆಕ್ಕ, ಮಾರುತಿಯವ್ರು ಆ ಪದ ಬಳಸ್ಲಿ ಬಿಡ್ಲಿ. ಬೋರ್, ಅಂದ್ರೆ ಸಿಲಿಂಡರಿನ ಅಗಲ, ಎಲ್ಲದ್ರಲ್ಲೂ 73 ಮಿ.ಮೀ. ಮೂರು ಸಿಲಿಂಡರಾದ್ರೆ ವ್ಯಾಗನಾರಿನ 998 ಸಿಸಿ, ನಾಲ್ಕಾದ್ರೆ 1197, ಅದರದ್ದೇ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ) ಉದ್ದ ಮಾಡಿದ್ರೆ ಹಳೇ ಎರ್ಟಿಗಾದ 1373. ಒಂದರ ಪಿಸ್ಟನ್ ಇನ್ನೊಂದಕ್ಕೆ ಹಾಕ್ಬಹುದು ಅಂತ ಅರ್ಥ ಅಲ್ಲ, ಸ್ಟ್ರೋಕ್ ಬೇರೆ. ಆದ್ರೆ ಇದ್ರಲ್ಲಿ ವಾಟರ್ ಪಂಪ್ ಬೇರೆ, ಥರ್ಮೋಸ್ಟಾಟ್ ಬೇರೆ, ಕೇಳಿದ್ರೆ ತೀರ್ಥಹಳ್ಳಿಯಲ್ಲೇ ಸಿಗುತ್ತೆ, ಇಲ್ಲಾಂದ್ರೆ ಸಂಜೆ ಬಸ್ಸಿಗೆ ಶಿವಮೊಗ್ಗದಿಂದ ಹಾಕಿ ಕಳಿಸ್ತಾರೆ.

ಓಡ್ಸೋಕೆ? ಟರ್ಬೊ ಎಳೆತ ಸುಳ್ಳಲ್ಲ, ಹೈವೇಲಿ ಲಾರಿ ಹಿಂದೆ ಹಾಕೋಕೆ ಸ್ವಿಫ್ಟ್ ಅದರ ಹತ್ರಕ್ಕೂ ಬರಲ್ಲ. ಆದ್ರೆ ಘಾಟಿಯ ಹೇರ್‌ಪಿನ್ನಲ್ಲಿ ಎರಡನೇ ಗೇರಲ್ಲಿ ಸ್ಪೀಡ್ ಇಳಿದಾಗ ಟರ್ಬೊ ಒಂದು ಕ್ಷಣ ಸತ್ತು ಆಮೇಲೆ ದಬಕ್ಕಂತ ನುಗ್ಗುತ್ತೆ, ಅಮ್ಮನ ಕುತ್ತಿಗೆಗೆ ಅದು ಆಗಲ್ಲ. ಸ್ವಿಫ್ಟ್ ಐದು ಜನ ಕೂತ್ರೆ ಏಸಿ ಆಫ್ ಮಾಡ್ಬೇಕು, ಒಪ್ತೀನಿ.

ಮೈಲೇಜ್ ನಮ್ಮ ರೋಡಲ್ಲಿ ಟರ್ಬೊ 13, ಸ್ವಿಫ್ಟ್ 17. ಮೂರು ಸಿಲಿಂಡರಿನ ನಡುಕ ನಿಂತಾಗ ಮಾತ್ರ ಗೊತ್ತಾಗೋದು, ನಂಗೆ ಅದು ತೊಂದ್ರೆ ಅನ್ನಿಸ್ಲೇ ಇಲ್ಲ.

ವಾರವಾರ ಬೆಂಗಳೂರಿಗೆ ಹೋಗೋರು, ಕಂಪನಿ ಸರ್ವಿಸ್ ಮನೆ ಪಕ್ಕ ಇರೋರು ಧೈರ್ಯವಾಗಿ ಟರ್ಬೊ ತಗೊಳ್ಳಿ. ನಾನು ವರ್ಷಕ್ಕೆ ಒಂಬತ್ತು ಸಾವಿರ ಕಿಲೋಮೀಟರ್ ಓಡ್ಸೋನು, ರಿಪೇರಿಗೆ ಅಂತ ಎತ್ತಿಡೋದು ಹತ್ತು ಸಾವಿರ, ಅಡಿಕೆ ರೇಟ್ ಬಿದ್ದ ವರ್ಷ ಅದೂ ಇಲ್ಲ. ತಗೊಳ್ಳೋಕೆ ಮುಂಚೆ ನಿಮ್ಮೂರ ಪಾರ್ಟ್ಸ್ ಅಂಗಡಿಗೆ ಹೋಗಿ ಆ ಕಾರಿನ ಥರ್ಮೋಸ್ಟಾಟ್ ಒಂದೇ ಬಿಡಿಯಾಗಿ ಸಿಗುತ್ತಾ ಅಂತ ಕೇಳಿ ನೋಡಿ, ನಾನು ಸ್ವಿಫ್ಟಿಗೆ ಅಡ್ವಾನ್ಸ್ ಕೊಡೋಕೆ ಮುಂಚೆ ಮಾಡಿದ್ದು ಅದೊಂದೇ ಕೆಲ್ಸ.